ಬಳಚು ಬಿಡಿಸಲು ಮೆಟ್ಟುಕತ್ತಿಯೋ, ಬಿಸಿ ಪಾತ್ರೆಯೋ?

ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಕೆಸರು ಕೆದಕಿ ತಂದ ಬಳಚು, ಅಂದರೆ ಎರಡು ಚಿಪ್ಪಿನ ಮೃದ್ವಂಗಿ. ಮಂಗಳೂರು ಕಡೆಯವರಿಗೆ ಮರುವಾಯಿ. ಹಸಿಯಾಗೇ ಮೆಟ್ಟುಕತ್ತಿಯಲ್ಲಿ (ಈಳಿಗೆಮಣೆ) ಬಿಡಿಸಬೇಕಾ, ಬೇಯಿಸಿ ಬಿಡಿಸಬೇಕಾ?

ಎರಡಕ್ಕೂ ಮೊದಲು ಮರಳು ಹೋಗಬೇಕು. ಲೀಟರ್ ನೀರಿಗೆ 25–30 ಗ್ರಾಂ ಉಪ್ಪು ಹಾಕಿ, ಅಗಲ ಪಾತ್ರೆಯಲ್ಲಿ 2–3 ಗಂಟೆ ಬಿಡಿ. ಸಿಹಿನೀರಾದರೆ ಬಾಯಿ ಬಿಗಿದು ಕೂರುತ್ತವೆ, ಮರಳೂ ಒಳಗೇ. ಬಾಯಿ ತೆರೆದಿದ್ದು, ತಟ್ಟಿದರೂ ಮುಚ್ಚದಿದ್ದರೆ ಎಸೆಯಿರಿ.

ಮೆಟ್ಟುಕತ್ತಿಗೆ ಕೈ ಪಳಗಿರಬೇಕು. ಚಿಪ್ಪಿನ ಸಂದಿಯನ್ನು ಅಲಗಿಗೆ ಒತ್ತಿ ಸೀಳುವಾಗ ಜಾರಿದರೆ ಬೆರಳೇ ಹೋಯ್ತು. ಆದರೆ ಮಾಂಸ ಮೆತ್ತಗೆ ಉಳಿಯುತ್ತದೆ, ರಸವೆಲ್ಲ ಮಸಾಲೆಯಲ್ಲೇ ಬೇಯುತ್ತದೆ. ಒಂದು ಬದಿ ಚಿಪ್ಪು ಉಳಿಸಿಕೊಂಡು ಸುಕ್ಕ ಮಾಡೋದಾದರೆ ನನ್ನ ಮತ ಇದಕ್ಕೇ. ಕೆಳಗೊಂದು ಬಟ್ಟಲು ಇಡಿ, ರಸ ಸುಮ್ನೆ ಚೆಲ್ಲಬೇಡಿ.

ಬೇಯಿಸೋದು ಸುಲಭ. ಅರ್ಧ ಲೋಟ ನೀರು, ಮುಚ್ಚಳ, ಸುಮಾರು 5 ನಿಮಿಷ. ಬಾಯಿ ಬಿಟ್ಟ ಹಾಗೇ ತೆಗೆಯುತ್ತಿರಿ. ಜಾಸ್ತಿ ಬೆಂದರೆ ರಬ್ಬರ್. ಬಾಯಿ ಬಿಡದವು ಕಸಕ್ಕೆ. ಮೊದಲ ಸಲ ಮಾಡುವವರು ಹೀಗೇ ಮಾಡಿ. ಬೆಂದ ನೀರನ್ನು ತಿಳಿಯಾಗಲು ಬಿಟ್ಟು, ಮೇಲಿನದ್ದನ್ನಷ್ಟೇ ಸಾರಿಗೆ ಬಗ್ಗಿಸಿ. ಅದರಲ್ಲೇ ಉಪ್ಪಿರುತ್ತದೆ, ರುಚಿ ನೋಡದೆ ಮತ್ತೆ ಹಾಕಬೇಡಿ.