ಮನೆ ಕರೆಂಟಿಗೆ ಕ್ಯಾರವಾನ್: ಎಕ್ಸ್‌ಟೆನ್ಷನ್ ಬಾಕ್ಸ್, ರಬ್ಬರ್ ಕೇಬಲ್, ಪ್ರತ್ಯೇಕ ಲೈನ್

ಹೆದ್ದಾರಿ 48ರಿಂದ ಇಳಿದು ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ನೆಂಟರ ಮನೆ ಮುಂದೆ ಕ್ಯಾರವಾನ್ ಟ್ರೈಲರ್ (ಕಾರಿನ ಹಿಂದೆ ಎಳೆಯುವ ಚಕ್ರದ ಮನೆ) ನಿಲ್ಲಿಸಿದರೆ ಕರೆಂಟು ಎಳೆಯಲು ಮೂರು ದಾರಿ. ಜಗುಲಿಯ ಪವರ್ ಪ್ಲಗ್ಗಿಗೆ ಅಂಗಡಿಯ ಎಕ್ಸ್‌ಟೆನ್ಷನ್ ಬಾಕ್ಸ್. ಅದೇ ಪ್ಲಗ್ಗಿಗೆ ನಮ್ಮದೇ ದಪ್ಪ ರಬ್ಬರ್ ಕೇಬಲ್. ಇಲ್ಲವೇ ಡಿಬಿಯಿಂದ (ಮನೆಯ ಮುಖ್ಯ ಸ್ವಿಚ್ ಪೆಟ್ಟಿಗೆ) ಗೇಟಿನವರೆಗೆ ಪ್ರತ್ಯೇಕ ಲೈನ್. ಮೂರಕ್ಕೂ ಒಂದೇ ಲೋಡ್ ಹಾಕಿ ನೋಡಿದ್ದೇವೆ: 1 ಟನ್ ಎಸಿ, ಸಣ್ಣ ಫ್ರಿಜ್, ಬ್ಯಾಟರಿ ಚಾರ್ಜರ್, ನಡುನಡುವೆ 1 ಕಿಲೋವ್ಯಾಟ್ ಕೆಟಲ್. ಎಲ್ಲ ಸೇರಿದಾಗ 12ರಿಂದ 13 ಆಂಪಿಯರ್.

ಎಕ್ಸ್‌ಟೆನ್ಷನ್ ಬಾಕ್ಸ್ ಮೊದಲ ಸುತ್ತಿನಲ್ಲೇ ಬಿದ್ದುಹೋಯಿತು. ಅದರ ವೈರ್ ಸಾಮಾನ್ಯವಾಗಿ 1 ಸ್ಕ್ವೇರ್ ಎಂಎಂ, ಒಮ್ಮೊಮ್ಮೆ ಅದಕ್ಕಿಂತ ತೆಳು. ಒಳಗಿನ ಹಿತ್ತಾಳೆ ಪಟ್ಟಿ ಪಿನ್ನನ್ನು ಸಡಿಲವಾಗಿ ಹಿಡಿದಿರುತ್ತದೆ. ಬಿಸಿಯಾಗುವುದು ಆ ಜಾಗದಲ್ಲೇ. ಮೊದಲು ಪಿನ್ ಬುಡ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಪ್ಲಾಸ್ಟಿಕ್ ವಾಸನೆ. ದೊಡ್ಡ ಪಿನ್ನನ್ನು 6 ಆಂಪಿಯರ್ ಸಾಕೆಟ್ಟಿಗೆ ಇಳಿಸುವ ಕನ್ವರ್ಟರ್ ಹಾಕಿದರಂತೂ ಕೇಳುವುದೇ ಬೇಡ. ವೈರನ್ನು ಸುರುಳಿಯಲ್ಲೇ ಬಿಟ್ಟರೆ ಶಾಖ ಹೊರಹೋಗದೆ ಇನ್ಸುಲೇಷನ್ ಮೆತ್ತಗಾಗುತ್ತದೆ. ಮೊಬೈಲು, ಲೈಟು, ಫ್ಯಾನಿಗೆ ಸಾಕು. ಎಸಿಗೆ ಬೇಡ.

ರಬ್ಬರ್ ಕೇಬಲ್ ಎಂದರೆ 3 ಕೋರ್, ತಾಮ್ರದ, 2.5 ಸ್ಕ್ವೇರ್ ಎಂಎಂ. ಮನೆ ಕಡೆ 16 ಆಂಪಿಯರ್ ಪ್ಲಗ್ ಟಾಪ್, ಟ್ರೈಲರ್ ಕಡೆ ನೀಲಿ ಬಣ್ಣದ 3 ಪಿನ್ ಇಂಡಸ್ಟ್ರಿಯಲ್ ಕನೆಕ್ಟರ್. 30 ಮೀಟರ್ ಉದ್ದಕ್ಕೆ 13 ಆಂಪಿಯರ್ ಎಳೆದರೆ ಇದರಲ್ಲಿ ಸುಮಾರು 6 ವೋಲ್ಟ್ ಬೀಳುತ್ತದೆ, 1.5 ಆದರೆ 10 ವೋಲ್ಟ್ ದಾಟುತ್ತದೆ. ಮನೆಯಲ್ಲೇ 230 ಇದ್ದಾಗ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಆದರೆ ತೋಟದ ಪಂಪ್‌ಸೆಟ್‌ಗಳೂ ಅದೇ ಟ್ರಾನ್ಸ್‌ಫಾರ್ಮರ್ ಮೇಲಿದ್ದು ಮನೆಯಲ್ಲೇ 200ಕ್ಕೆ ಇಳಿದಿದ್ದರೆ ಎಸಿ ಕಂಪ್ರೆಸರ್ ಗುಂಯ್ ಎಂದು ನಿಂತುಬಿಡುತ್ತದೆ. ಪಿವಿಸಿ ಹೊದಿಕೆಯದು ಅಗ್ಗ, ಆದರೆ ಬಿಸಿಲಿಗೆ ಬಿರುಸಾಗಿ ಬಿರಿಯುತ್ತದೆ.

ಈ ದಾರಿಯ ದೌರ್ಬಲ್ಯ ಕೇಬಲ್ಲಿನಲ್ಲಿ ಇಲ್ಲ, ಗೋಡೆಯೊಳಗಿದೆ. ಪ್ಲಗ್ಗಿನ ಹಿಂದೆ 4 ಸ್ಕ್ವೇರ್ ಎಂಎಂ ವೈರ್ ಇದೆಯೋ, 1.5 ಇದೆಯೋ, ಅರ್ಥ್ ವೈರ್ ನಿಜವಾಗಿ ನೆಲಕ್ಕೆ ಹೋಗಿದೆಯೋ ಎನ್ನುವುದು ಹೊರಗಿನಿಂದ ಗೊತ್ತಾಗದು.

ಟ್ರೈಲರ್ ರಬ್ಬರ್ ಚಕ್ರದ ಮೇಲೆ ನಿಂತ ಲೋಹದ ಪೆಟ್ಟಿಗೆ. ಅರ್ಥ್ ಇಲ್ಲದಿದ್ದರೆ ಒಳಗಿನ ಚಾರ್ಜರ್, ಟಿವಿಗಳ ಫಿಲ್ಟರ್ ಮೂಲಕವೇ ಅದರ ಲೋಹದ ಮೈಗೆ 100 ವೋಲ್ಟ್ ಆಸುಪಾಸು ಬಂದು ಕೈ ಜುಮ್ಮೆನ್ನುತ್ತದೆ. ಗೀಸರ್ ಕಾಯಿಲ್ ಸೀಳಿದರೆ ಪೂರ್ತಿ 230. ಒಳಗಿದ್ದವರಿಗೆ ಏನೂ ತಿಳಿಯದು; ಒಂದು ಕಾಲು ಒದ್ದೆ ನೆಲದ ಮೇಲಿಟ್ಟು ಬಾಗಿಲ ಹಿಡಿಕೆ ಹಿಡಿದವರಿಗೆ ತಿಳಿಯುತ್ತದೆ.

"ಎಂಸಿಬಿ ಇದೆಯಲ್ಲ" ಎನ್ನುವವರಿಗೆ ಲೆಕ್ಕ ಇಲ್ಲಿದೆ. ಎಂಸಿಬಿ ಎಂದರೆ ಕರೆಂಟು ಮಿತಿ ಮೀರಿದಾಗ ತಾನೇ ಬೀಳುವ ಸ್ವಿಚ್. ಅರ್ಥ್ ಪಿಟ್ಟಿನ (ಅರ್ಥ್ ಪೈಪು ಹೂತ ಗುಂಡಿ) ರೆಸಿಸ್ಟೆನ್ಸ್ 20 ಓಮ್ ಇದ್ದರೆ ಫೇಸ್ ಲೋಹದ ಮೈಗೆ ತಗುಲಿದಾಗ ಹರಿಯುವುದು 230 ಭಾಗಿಸು 20, ಅಂದರೆ 11.5 ಆಂಪಿಯರ್. 16 ಆಂಪಿಯರ್ ಎಂಸಿಬಿ ಅಲುಗಾಡುವುದೂ ಇಲ್ಲ. ಸೋರುವ ಕರೆಂಟನ್ನೇ ಗುರುತಿಸಿ ಬೀಳುವ ಸ್ವಿಚ್, ಅಂದರೆ 30 ಮಿಲಿಆಂಪಿಯರ್ ಆರ್‌ಸಿಸಿಬಿಯಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿಯುತ್ತದೆ.

ಚಿತ್ರದುರ್ಗದ ಬಂಡೆ ನೆಲದಲ್ಲಿ ಪೈಪು ಆಳಕ್ಕೆ ಇಳಿಯುವುದೇ ಕಷ್ಟ. ಟ್ರೈಲರ್ ಪಕ್ಕ ಎರಡಡಿ ಸರಳು ಬಡಿದು "ಅರ್ಥಿಂಗ್ ಆಯ್ತು" ಎನ್ನುವುದು ಸಮಾಧಾನಕ್ಕೆ ಮಾತ್ರ. ದಾವಣಗೆರೆ ಕಡೆಯ ಎರೆಮಣ್ಣು ತೇವ ಹಿಡಿಯುತ್ತದೆ, ಸರಿ; ಆದರೆ ಏಪ್ರಿಲ್ ಹೊತ್ತಿಗೆ ಬಿರುಕು ಬಿಟ್ಟು ಪೈಪಿನಿಂದಲೇ ದೂರ ಸರಿಯುತ್ತದೆ, ಪಿಟ್ಟಿಗೆ ನೀರು ಹಾಕದಿದ್ದರೆ ಪ್ರಯೋಜನವಿಲ್ಲ. ಹಳೇ ಮನೆಗಳಲ್ಲಿ ಅರ್ಥ್ ವೈರನ್ನು ನಲ್ಲಿಯ ಜಿಐ ಪೈಪಿಗೆ ಸುತ್ತಿರುತ್ತಾರೆ. ಪೈಪು ಪಿವಿಸಿಗೆ ಬದಲಾದ ದಿನವೇ ಆ ಅರ್ಥ್ ಹೋಯಿತು.

ಆದ್ದರಿಂದ ರಬ್ಬರ್ ಕೇಬಲ್ಲಿನ ಮನೆ ಕಡೆಯ ತುದಿಯಲ್ಲೇ, ಪ್ಲಗ್ಗಿನಿಂದ ಒಂದು ಮೀಟರಿನೊಳಗೆ, ಸಣ್ಣ ವಾಟರ್‌ಪ್ರೂಫ್ ಬಾಕ್ಸಿನಲ್ಲಿ 2 ಪೋಲ್ 25 ಆಂಪಿಯರ್ 30 ಮಿಲಿಆಂಪಿಯರ್ ಆರ್‌ಸಿಸಿಬಿಯೂ 16 ಆಂಪಿಯರ್ ಎಂಸಿಬಿಯೂ ಇರಲಿ. ಟ್ರೈಲರ್ ತುದಿಯಲ್ಲಿಟ್ಟರೆ ಮಧ್ಯದ ಕೇಬಲ್ಲಿಗೆ ರಕ್ಷಣೆ ಇರುವುದಿಲ್ಲ. ಸೇರಿಸಿದ ಮೇಲೂ ಪದೇಪದೇ ಬೀಳುತ್ತಿದ್ದರೆ ಅದನ್ನು ತೆಗೆದು ನೇರ ಕೊಡಬೇಡಿ. ಎರಡು ಕಾರಣ ಹೆಚ್ಚು: ತೇವ ಹಿಡಿದ ಗೀಸರ್ ಕಾಯಿಲ್, ಇಲ್ಲವೇ ಟ್ರೈಲರಿನ ಇನ್ವರ್ಟರ್ ಒಳಗೆ ನ್ಯೂಟ್ರಲ್ ಮತ್ತು ಅರ್ಥ್ ಕೂಡಿರುವುದು. ಲೋಡುಗಳನ್ನು ಒಂದೊಂದಾಗಿ ತೆಗೆದರೆ ಕಳ್ಳ ಸಿಗುತ್ತಾನೆ.

ಪ್ರತ್ಯೇಕ ಲೈನ್ ಮೂರರಲ್ಲೂ ಮೇಲು, ಆದರೆ ಟ್ರೈಲರ್ ಸ್ವಂತದ್ದಾಗಿ ಮನೆ ಮುಂದೆಯೇ ನಿಲ್ಲುವುದಿದ್ದರೆ ಮಾತ್ರ ಖರ್ಚಿಗೆ ಅರ್ಥ. ಡಿಬಿಯಲ್ಲಿ 16 ಆಂಪಿಯರ್ ಸಿ ಕರ್ವ್ ಎಂಸಿಬಿ (ಎಸಿ ಸ್ಟಾರ್ಟ್ ಆಗುವಾಗಿನ ಏಟಿಗೆ ಬಿ ಕರ್ವ್ ಸುಮ್ಮನೆ ಬೀಳಬಹುದು), ಅದರ ಜೊತೆ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಪೈಪಿನೊಳಗೆ 4 ಸ್ಕ್ವೇರ್ ಎಂಎಂನ ಮೂರು ವೈರ್, ಕಾಂಪೌಂಡ್ ಗೋಡೆಯಲ್ಲಿ ಮೂರೂವರೆ ಅಡಿ ಎತ್ತರಕ್ಕೆ ಮುಚ್ಚಳದ ನೀಲಿ ಸಾಕೆಟ್. ವೈರ್ ಬಾಕ್ಸಿನ ಕೆಳಗಿನಿಂದ ಒಳಹೋಗಲಿ, ಮೇಲಿನಿಂದಾದರೆ ಮಳೆನೀರು ಅದರ ಜೊತೆಗೇ ಇಳಿಯುತ್ತದೆ. ಪಕ್ಕದಲ್ಲಿ ಹೊಸ ಅರ್ಥ್ ಪಿಟ್ ತೋಡಿಸಿ ಮನೆಯ ಅರ್ಥಿಗೂ ಕೂಡಿಸಬೇಕು. ಕೆಲಸ ಲೈಸೆನ್ಸ್ ಇರುವ ಗುತ್ತಿಗೆದಾರರದು. ಮಂಜೂರಾದ ಲೋಡ್ 1 ಅಥವಾ 2 ಕಿಲೋವ್ಯಾಟ್ ಇದ್ದರೆ ಬೆಸ್ಕಾಂಗೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಿ. ಗೃಹಜ್ಯೋತಿ ಇರುವ ಮನೆಯಾದರೆ ಇನ್ನೊಂದು ವಿಷಯ: ಎಸಿ ರಾತ್ರಿಗೆ 8 ಯೂನಿಟ್ ತಿಂದು ತಿಂಗಳ ಲೆಕ್ಕ 200 ದಾಟಿದರೆ ಪೂರ್ತಿ ಬಿಲ್ಲು ನೆಂಟರ ತಲೆಗೆ. ಮೊದಲೇ ಹೇಳಿಬಿಡುವುದು ಮರ್ಯಾದೆ.

ಯಾವ ದಾರಿ ಹಿಡಿದರೂ ಸಾಕೆಟ್ಟನ್ನು ಮೊದಲು ಮಲ್ಟಿಮೀಟರಿನಿಂದ ನೋಡಿ. ಫೇಸ್–ನ್ಯೂಟ್ರಲ್ 220ರಿಂದ 240, ಫೇಸ್–ಅರ್ಥ್ ಹೆಚ್ಚುಕಮ್ಮಿ ಅಷ್ಟೇ, ನ್ಯೂಟ್ರಲ್–ಅರ್ಥ್ ಒಂದೆರಡು ವೋಲ್ಟ್. ಮೀಟರ್ ಕೆಟ್ಟ ಅರ್ಥಿನಲ್ಲೂ 230 ತೋರಿಸಬಲ್ಲದು, ಆದ್ದರಿಂದ ವೈರ್‌ಮನ್ ಕೈಯಲ್ಲಿ ಫೇಸ್–ಅರ್ಥ್ ನಡುವೆ 100 ವ್ಯಾಟ್ ಬಲ್ಬ್ ಹಚ್ಚಿಸಿ. ಆಗ ಮನೆಯವರು ಫ್ರಿಜ್, ಗ್ರೈಂಡರ್ ಮುಟ್ಟದಿರಲಿ. ಪೂರ್ತಿ ಬೆಳಗಬೇಕು, ಆರ್‌ಸಿಸಿಬಿ ಇದ್ದರೆ ತಕ್ಷಣ ಬೀಳಬೇಕು. ಮಂಕಾಗಿ ಉರಿದರೆ ಅಲ್ಲಿಗೆ ಕೇಬಲ್ ಹಾಕಬೇಡಿ. ಇನ್ನು ಸಾಕೆಟ್ ಒಳಗೆ ಅರ್ಥನ್ನು ನ್ಯೂಟ್ರಲ್ಲಿಗೆ ತುಂಡು ವೈರಿನಿಂದ ಕಟ್ಟಿರುವ ಕುಶಲ ಕೆಲಸ. ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಇದು ಮೇಲಿನ ಎಲ್ಲ ಪರೀಕ್ಷೆಯಲ್ಲೂ ಪಾಸಾಗುತ್ತದೆ. ನ್ಯೂಟ್ರಲ್ ಕಡಿದ ದಿನ ಇಡೀ ಟ್ರೈಲರ್ ಫೇಸ್ ಆಗುತ್ತದೆ. 2 ಪೋಲ್ ಮೇನ್ ಆಫ್ ಮಾಡಿ, ಕರೆಂಟಿಲ್ಲವೆಂದು ಖಚಿತ ಮಾಡಿಕೊಂಡು ನ್ಯೂಟ್ರಲ್–ಅರ್ಥ್ ಕಂಟಿನ್ಯುಟಿ (ಎರಡೂ ಕೂಡಿವೆಯೇ ಎಂದು) ಮಲ್ಟಿಮೀಟರಿನಲ್ಲಿ ನೋಡಿದರೆ ಬಯಲಾಗುತ್ತದೆ, ಬೀಪ್ ಬಂದರೆ ಕಟ್ಟಿದ್ದಾರೆ.

ಜೋಡಿಸುವ ಕ್ರಮ: ಟ್ರೈಲರಿನ ಎಲ್ಲ ಸ್ವಿಚ್ ಆಫ್, ಕೇಬಲ್ ಪೂರ್ತಿ ಬಿಚ್ಚಿ ಮೊದಲು ಟ್ರೈಲರಿಗೆ, ಆಮೇಲೆ ಮನೆಗೆ, ಕೊನೆಗೆ ಸ್ವಿಚ್ ಆನ್. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ಬೀಳಿಸಿ, ಮತ್ತೆ ಏರಿಸಿ. ತಾಗಿಸದೆಯೇ ಕರೆಂಟು ತೋರಿಸುವ ಟೆಸ್ಟರನ್ನು ಟ್ರೈಲರಿನ ಲೋಹದ ಮೈ ಹತ್ತಿರ ಹಿಡಿದು ನೋಡಿದ ಮೇಲೆಯೇ ಬಾಗಿಲಿಗೆ ಕೈ. ಎಸಿ ಎಲ್ಲಕ್ಕಿಂತ ಕೊನೆಗೆ. ಬಿಚ್ಚುವಾಗ ಮೊದಲು ಮನೆ ಕಡೆಯ ಪ್ಲಗ್. ತಿರುವುಮುರುವು ಮಾಡಿದರೆ ಅಂಗಳದಲ್ಲಿ ಬಿದ್ದ ತುದಿಯಲ್ಲಿ ಕರೆಂಟು ಉಳಿಯುತ್ತದೆ.