ಕನ್ನಡಿ ಗ್ರಿಡ್ ಒಗಟಿಗೆ ಗಿಡ್ಡ ಕೋಡ್: ಪೈಥಾನ್ ಬಿಟ್ಟು ಜಾವಾಸ್ಕ್ರಿಪ್ಟ್ ಹಿಡಿದದ್ದೇಕೆ

ಗ್ರಿಡ್ ಮೇಲೆ ಓಡಾಡುವ ಒಗಟನ್ನು ಅತಿ ಗಿಡ್ಡ ಕೋಡಿನಲ್ಲಿ ಬಿಡಿಸಬೇಕೆಂದರೆ ನನ್ನ ಆಯ್ಕೆ ಜಾವಾಸ್ಕ್ರಿಪ್ಟ್. ಮಣಿಪಾಲದ ನಮ್ಮ ಗೆಳೆಯರ ಗುಂಪಿನಲ್ಲಿ ಕೋಡ್ ಗಾಲ್ಫ್ ನಡೆಯುತ್ತದೆ. ಕಡಿಮೆ ಬೈಟ್‌ನಲ್ಲಿ (ಕೋಡಿನ ಒಂದು ಇಂಗ್ಲಿಷ್ ಅಕ್ಷರ ಅಥವಾ ಚಿಹ್ನೆಗೆ ಒಂದು ಬೈಟ್) ಮುಗಿಸಿದವರು ಗೆದ್ದರು, ಹೆಚ್ಚು ಬೈಟ್ ಸುರಿದವರು ಎಲ್ಲರಿಗೂ ಗಡ್‌ಬಡ್ ಐಸ್‌ಕ್ರೀಂ ಕೊಡಿಸಬೇಕು. ಈ ಸಲದ ಒಗಟನ್ನು ಪೈಥಾನ್, ರೂಬಿ, ಸಿ, ಜಾವಾಸ್ಕ್ರಿಪ್ಟ್ ಎಲ್ಲದರಲ್ಲೂ ಬರೆದು ನೋಡಿದೆ.

ಒಗಟು ಇಷ್ಟೆ: ಗ್ರಿಡ್‌ನಲ್ಲಿ ಚುಕ್ಕಿ, / ಮತ್ತು \ ಮಾತ್ರ. ಎಡಮೇಲಿನ ಮೂಲೆಯಿಂದ ಚೆಂಡು ಬಲಕ್ಕೆ ಹೊರಡುತ್ತದೆ, ಓರೆಗೆರೆಗಳು ಕನ್ನಡಿಯಂತೆ ಅದನ್ನು ತಿರುಗಿಸುತ್ತವೆ. ಹೊರಬೀಳುವ ಮೊದಲು ಎಷ್ಟು ಹೆಜ್ಜೆ? ಚೆಂಡು ಒಳಗೇ ಸುತ್ತುತ್ತ ಉಳಿಯುವ ಭಯವಿಲ್ಲ. ಸುತ್ತಿನಲ್ಲಿ ಸಿಕ್ಕಿಕೊಂಡ ಚೆಂಡನ್ನು ಹಿಂದಕ್ಕೆ ಓಡಿಸಿದರೂ ಅದು ಆ ಸುತ್ತಿನಲ್ಲೇ ಇರಬೇಕು, ನಮ್ಮದು ಹೊರಗಿನಿಂದ ಬಂದದ್ದು. ಹಾಗಾಗಿ ದಾಟಿದ ಮನೆಗಳ ಲೆಕ್ಕ ಇಡಬೇಕಿಲ್ಲ.

ಎಲ್ಲ ಭಾಷೆಗಳಲ್ಲೂ ಉಪಾಯ ಒಂದೇ. ಸಾಲುಗಳನ್ನು ಒಡೆಯದೆ ಇಡೀ ಗ್ರಿಡ್ಡನ್ನು ಒಂದೇ ಸ್ಟ್ರಿಂಗ್ (ಅಕ್ಷರಗಳ ಸರಪಳಿ) ಆಗಿ ಬಿಡುವುದು. ಸಾಲು ಮುಗಿಯಿತೆಂದು ತೋರಿಸುವ ನ್ಯೂಲೈನ್ ಅಕ್ಷರ ಸೇರಿ ಸಾಲಿನ ಉದ್ದ 11 ಎನ್ನಿ. ಸ್ಟ್ರಿಂಗಿನಲ್ಲಿ ಚೆಂಡಿನ ಒಂದು ಹೆಜ್ಜೆ ಬಲಕ್ಕೆ +1, ಎಡಕ್ಕೆ −1, ಕೆಳಕ್ಕೆ +11, ಮೇಲಕ್ಕೆ −11. ಈಗ \ ಸಿಕ್ಕರೆ 11ನ್ನು ಸದ್ಯದ ದಿಕ್ಕಿನಿಂದ ಭಾಗಿಸಿ: 1 ಇದ್ದದ್ದು 11 ಆಗುತ್ತದೆ, 11 ಇದ್ದದ್ದು 1, −1 ಇದ್ದದ್ದು −11. / ಸಿಕ್ಕರೆ −11ನ್ನು ಭಾಗಿಸಿ. ಎಂಟು ತಿರುವುಗಳೂ ಒಂದು ಭಾಗಾಕಾರದಲ್ಲಿ ಮುಗಿದವು! ಇಷ್ಟು ಚಂದದ ಲೆಕ್ಕ ನನಗೆ ಬೇರೆ ಒಗಟಿನಲ್ಲಿ ಸಿಕ್ಕಿಲ್ಲ.

ತಲೆನೋವು ಶುರುವಾಗುವುದು ಅಂಚಿನಲ್ಲಿ. ಎಡಬಲಗಳನ್ನು ನ್ಯೂಲೈನ್ ಕಾಯುತ್ತದೆ, ಕೆಳಗೆ ಸ್ಟ್ರಿಂಗೇ ಮುಗಿಯುತ್ತದೆ. ಮೇಲೆ? ಅಲ್ಲಿ ಇಂಡೆಕ್ಸ್ (ಸ್ಟ್ರಿಂಗಿನಲ್ಲಿ ಅಕ್ಷರದ ಸ್ಥಾನದ ಸಂಖ್ಯೆ, ಎಣಿಕೆ ಸೊನ್ನೆಯಿಂದ) ಸೊನ್ನೆಗಿಂತ ಕೆಳಗಿಳಿಯುತ್ತದೆ. ಪೈಥಾನ್‌ನಲ್ಲಿ −1 ಎಂದರೆ ಕೊನೆಯ ಅಕ್ಷರ. ಅಂದರೆ ಮೇಲಿನಿಂದ ಹೊರಬಿದ್ದ ಚೆಂಡು ಕೆಳಗಿನ ಸಾಲಿನಲ್ಲಿ ಪ್ರತ್ಯಕ್ಷವಾಗಿ ಏನೂ ಆಗದಂತೆ ನಡೆಯುತ್ತಲೇ ಇರುತ್ತದೆ. ಎರರ್ ಇಲ್ಲ, ಉತ್ತರ ಮಾತ್ರ ತಪ್ಪು. ಬಲಕ್ಕೋ ಎಡಕ್ಕೋ ಹೊರಬೀಳುವ ಮಾದರಿಗಳೆಲ್ಲ ಸರಿಯಾಗಿ ಪಾಸಾಗುವುದರಿಂದ ಇದು ಕಣ್ಣಿಗೇ ಬೀಳುವುದಿಲ್ಲ. "ಮೇಲೆ ಹೋದದ್ದು ಕೆಳಗಿಂದ ಬರುವುದು ಹೇಗೆ ಮಾರಾಯ್ರೆ?" ಎಂದು ಗೆಳೆಯರೊಬ್ಬರು ಕಾಗದದ ಮೇಲೆ ಹೆಜ್ಜೆಹೆಜ್ಜೆಯಾಗಿ ಬರೆದು ನೋಡಿದರು.

ಪರಿಹಾರವೂ ಸೊಗಸಾಗಿದೆ. ಸ್ಟ್ರಿಂಗಿನ ಕೊನೆಗೆ ಒಂದು ಸಾಲಿನಷ್ಟು ಸ್ಪೇಸ್ ಅಂಟಿಸಿದರೆ −11ರಿಂದ −1ರವರೆಗಿನ ಎಲ್ಲ ಇಂಡೆಕ್ಸ್ ಅದರೊಳಗೇ ಬೀಳುತ್ತದೆ, ಕೆಳಗಿನಿಂದ ಬಿದ್ದ ಚೆಂಡಿಗೂ ಅದೇ ಸಾಲು ಸಾಕು. ಆದರೆ ಅದಕ್ಕೆ ಬೈಟ್ ತೆರಬೇಕು. ಪೈಥಾನ್ 3ರಲ್ಲಿ / ಹಾಕಿದರೆ ಬರುವುದು 11.0, ಅದನ್ನು ಇಂಡೆಕ್ಸ್ ಆಗಿ ಒಪ್ಪುವುದಿಲ್ಲ. // ಬೇಕು, ಅಲ್ಲೂ ಒಂದು ಬೈಟ್ ಹೋಯಿತು.

ಜಾವಾಸ್ಕ್ರಿಪ್ಟ್‌ನಲ್ಲಿ ಸ್ಟ್ರಿಂಗಿಗೆ −1 ಕೊಟ್ಟರೆ ಸಿಗುವುದು ಅನ್‌ಡಿಫೈನ್ಡ್, ಅಂದರೆ ಅಲ್ಲಿ ಏನೂ ಇಲ್ಲವೆಂಬ ಗುರುತು. ಸಿಕ್ಕ ಅಕ್ಷರ ಸ್ಪೇಸ್‌ಗಿಂತ ದೊಡ್ಡದೇ ಎಂದು ಕೇಳಿದರೆ ಸಾಕು: ಅನ್‌ಡಿಫೈನ್ಡ್ ಆದರೆ ಸುಳ್ಳು, ಕಂಪ್ಯೂಟರಿನ ಅಕ್ಷರಪಟ್ಟಿಯಲ್ಲಿ ನ್ಯೂಲೈನ್‌ನ ಸಂಖ್ಯೆ 10, ಸ್ಪೇಸ್‌ನದು 32, ಹಾಗಾಗಿ ಅದೂ ಸುಳ್ಳು. ಚುಕ್ಕಿ 46, / 47, \ 92, ಇವು ಮೂರೂ ನಿಜ. ನಾಲ್ಕು ಅಂಚಿಗೂ ಒಂದೇ ಹೋಲಿಕೆ, ಭಾಗಾಕಾರಕ್ಕೂ ಒಂದೇ /.

ರೂಬಿಯಲ್ಲಿ ಭಾಗಾಕಾರ ಚೊಕ್ಕ, ಆದರೆ −1ರ ಕಾಟ ಪೈಥಾನ್‌ನದ್ದೇ. ಸಿ ಬೇಡ: ಮೇಲೆ ಹೊರಬಿದ್ದರೆ ಸ್ಟ್ರಿಂಗಿನ ಹಿಂದೆ ಮೆಮೊರಿಯಲ್ಲಿ ಏನಿದೆಯೋ ಅದನ್ನೇ ಓದುತ್ತದೆ. ಜೆಲ್ಲಿಯಂಥ ಗಾಲ್ಫ್‌ಗೆಂದೇ ಹುಟ್ಟಿದ ಭಾಷೆಗಳು ಬೈಟ್ ಲೆಕ್ಕದಲ್ಲಿ ಎಲ್ಲವನ್ನೂ ಸೋಲಿಸುತ್ತವೆ, ನಮ್ಮ ಗುಂಪಿನಲ್ಲಿ ಅವಕ್ಕೆ ಪ್ರವೇಶವಿಲ್ಲ. ವೇರಿಯೇಬಲ್‌ಗೆ 'ಕ' ಎಂದು ಹೆಸರಿಡಲು ಪೈಥಾನ್, ಜಾವಾಸ್ಕ್ರಿಪ್ಟ್ ಎರಡೂ ಬಿಡುತ್ತವೆ, ಆದರೆ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ) ಆ 'ಕ' ಒಂದಕ್ಕೇ 3 ಬೈಟ್.

ನಾನು ಕೋಡ್ ಬರೆಯುವುದು ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ, ಫೋನಿನಲ್ಲಿ. ಸುರತ್ಕಲ್ ದಾಟುವಷ್ಟರಲ್ಲಿ ಒಂದೆರಡು ಬೈಟ್ ಕಡಿಮೆಯಾಗಬೇಕೆಂಬ ಹಟ. ಬ್ರೌಸರ್ ಹೇಗೂ ಇದೆ, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಫೋನಿನಲ್ಲೇ ಉಳಿಸಿಟ್ಟ ಒಂದು ಎಚ್‌ಟಿಎಂಎಲ್ ಫೈಲಿನಲ್ಲಿ ನೆಟ್‌ವರ್ಕ್ ಇಲ್ಲದೆಯೂ ಓಡಿಸಿ ನೋಡಬಹುದು. ಹೊಸ ಲ್ಯಾಪ್‌ಟಾಪಿಗೆ ದುಡ್ಡು ಹಾಕುವ ಸ್ಥಿತಿಯಲ್ಲಿ ನಾನಿಲ್ಲ, ಹಾಗಾಗಿ ಇದು ನನಗೆ ದೊಡ್ಡ ವಿಷಯ.

ಒಗಟು ದಾರಿಗಳನ್ನು ಎಣಿಸುವುದಾದರೆ ಮಾತ್ರ ನಾನೂ ಪೈಥಾನ್ ಕಡೆಗೇ. ಬಲಕ್ಕೆ, ಕೆಳಕ್ಕೆ ಮಾತ್ರ ಹೋಗಬಹುದಾದ 20×20 ಗ್ರಿಡ್‌ನ ಗೆರೆಗಳ ಮೇಲೆ ಮೂಲೆಯಿಂದ ಎದುರು ಮೂಲೆಗೆ ದಾರಿಗಳು 137846528820, ಇಷ್ಟನ್ನು ಜಾವಾಸ್ಕ್ರಿಪ್ಟ್ ಸಲೀಸಾಗಿ ಹಿಡಿದಿಡುತ್ತದೆ. 30×30 ಆದರೆ ಉತ್ತರ 9007199254740991 ಎಂಬ ಅದರ ಸುರಕ್ಷಿತ ಮಿತಿಯನ್ನು ದಾಟುತ್ತದೆ, ದೊಡ್ಡ ಪೂರ್ಣಾಂಕಗಳಿಗೆಂದೇ ಇರುವ ಬಿಗ್‌ಇಂಟ್‌ಗೆ ಹೋಗದೆ ಕೊನೆಯ ಅಂಕಿಗಳನ್ನು ನಂಬುವ ಹಾಗಿಲ್ಲ. ಪೈಥಾನ್‌ಗೆ ಅದು ಲೆಕ್ಕಕ್ಕೇ ಇಲ್ಲ.