ಒಂದೇ ಗಂಟೆಯಲ್ಲಿ ತಣ್ಣಗಾದ ಗಾಜು: ನಾವು ನಾಲ್ವರು ಮೋಸಹೋದ ಬಗೆ

ಗಾಜು ತಯಾರಿಸುವುದನ್ನು ತೋರಿಸುವ, ಜೊತೆಗೆ ಬಂದವರ ಕೈಯಿಂದಲೇ ಗಾಜು ಊದಿಸುವ ಪ್ರವಾಸಿ ತಾಣಕ್ಕೆ ಹೋಗುವ ಯೋಚನೆ ನಿಮಗಿದ್ದರೆ, ಹಣ ಕಟ್ಟುವ ಮೊದಲು ದಯವಿಟ್ಟು ಇದನ್ನು ಓದಿರಿ. ಕುಲುಮೆಯ ಮುಂದೆ ನಿಂತು ನೀವು ಊದಿದ ಹೂದಾನಿಯನ್ನು ಒಂದು ಗಂಟೆಯೊಳಗೆ ಪೆಟ್ಟಿಗೆಯಲ್ಲಿಟ್ಟು ನಿಮ್ಮ ಕೈಗಿತ್ತರೆ, ಅದು ನೀವು ಊದಿದ ಹೂದಾನಿಯಲ್ಲ. ಅಲ್ಲವೇ ಅಲ್ಲ. ಇಷ್ಟು ಸರಳವಾದ ಸಂಗತಿ ಓದು ಬರಹ ಬಲ್ಲ ನಾಲ್ವರು ಗೆಳೆಯರಿಗೆ ಆ ದಿನ ಹೊಳೆಯಲಿಲ್ಲವೆಂಬುದನ್ನು ಬರೆಯುವಾಗ ಈಗಲೂ ನನ್ನ ಮುಖ ಬಿಸಿಯೇರುತ್ತದೆ.

ಅಲ್ಲಿಗೆ ಹೋಗೋಣವೆಂದು ಹಟ ಹಿಡಿದವನು ನಾನೇ. ಉಳಿದ ಮೂವರಿಗೆ ಅಷ್ಟೇನೂ ಮನಸ್ಸಿರಲಿಲ್ಲ. ಪ್ರಚಾರ ಪತ್ರಿಕೆಯಲ್ಲಿ ‘ನಿಮ್ಮ ಉಸಿರಿನಿಂದ ರೂಪುಗೊಂಡ ಗಾಜನ್ನು ಅಂದೇ ಮನೆಗೆ ಕೊಂಡೊಯ್ಯಿರಿ’ ಎಂದಿದ್ದ ಸಾಲನ್ನು ತೋರಿಸಿ ನಾನು ಅವರನ್ನು ಒಪ್ಪಿಸಿದೆ. ಆ ಸಾಲು ನನಗೀಗ ಬಾಯಿಪಾಠವಾಗಿದೆ.

ಬೆಳಗಿನ ಪ್ರದರ್ಶನದ ಬಗ್ಗೆ ನನ್ನ ದೂರಿಲ್ಲ. ಮರಳು ತಾನೊಂದೇ ಕರಗಬೇಕಾದರೆ ಸುಮಾರು 1700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕೆಂದೂ, ವಾಷಿಂಗ್ ಸೋಡಾದಂತಹ ಕ್ಷಾರವನ್ನು ಬೆರೆಸಿದರೆ ಅದಕ್ಕಿಂತ ಬಹಳ ಕಡಿಮೆ ಶಾಖದಲ್ಲಿ ಕರಗುವುದೆಂದೂ, ಬೆಂಕಿಯ ಭಯದಿಂದ ವೆನಿಸ್ ಗಣರಾಜ್ಯವು 1291ರಲ್ಲಿ ಗಾಜಿನ ಕುಲುಮೆಗಳನ್ನು ಮುರಾನೊ ದ್ವೀಪಕ್ಕೆ ಸಾಗಹಾಕಿತೆಂದೂ ವಿವರಿಸಿದರು. ಆಮೇಲೆ ಕರಗಿದ ಗಾಜಿನ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ‘ಪ್ರಿನ್ಸ್ ರೂಪರ್ಟ್ ಹನಿ’ ಎನ್ನುವ ಆಟವನ್ನೂ ತೋರಿಸಿದರು. ತಲೆಯ ಮೇಲೆ ಸುತ್ತಿಗೆಯಿಂದ ಬಡಿದರೂ ಅದು ಒಡೆಯಲಿಲ್ಲ, ಬಾಲದ ತುದಿಯನ್ನು ಚಿವುಟಿದೊಡನೆ ಇಡೀ ಹನಿ ಪುಡಿಪುಡಿಯಾಯಿತು. ಹಠಾತ್ತನೆ ತಣಿದ ಗಾಜಿನ ಒಳಗೆ ಭಾರೀ ಬಿಗಿತ ಉಳಿಯುತ್ತದೆ, ಆದ್ದರಿಂದ ಗಾಜನ್ನು ಬಹಳ ನಿಧಾನವಾಗಿ ತಣಿಸಬೇಕು ಎಂದು ಅವರೇ ಹೇಳಿದರು. ಹೌದು, ಅವರೇ ಹೇಳಿದರು! ನಾವು ಚಪ್ಪಾಳೆ ತಟ್ಟಿದೆವು. ಮೋಸವನ್ನು ಕಂಡುಹಿಡಿಯುವ ಬೀಗದ ಕೈಯನ್ನು ಬೆಳಗ್ಗೆಯೇ ನಮ್ಮ ಕೈಗಿತ್ತು, ಮಧ್ಯಾಹ್ನ ನಮ್ಮನ್ನೇ ಮೂರ್ಖರನ್ನಾಗಿಸಿದರು.

ಊದುವ ಸರದಿ ಮಧ್ಯಾಹ್ನ ಬಂತು. ಸುಮಾರು 1100 ಡಿಗ್ರಿಯ ಕುಲುಮೆಯಿಂದ ಕುಶಲಕರ್ಮಿ ಉಕ್ಕಿನ ಕೊಳವೆಯ ತುದಿಗೆ ಜೇನಿನಂತಹ ಗಾಜನ್ನು ಸುತ್ತಿ ತೆಗೆದು, ನೀಲಿ ಗಾಜಿನ ಚೂರುಗಳ ಮೇಲೆ ಉರುಳಿಸಿ, ಮತ್ತೆ ಕಾಯಿಸಿ ನಮ್ಮೆದುರು ಹಿಡಿದರು. ಕೊಳವೆಯನ್ನು ತಿರುಗಿಸುವುದನ್ನು ಒಂದು ಕ್ಷಣ ಮರೆತರೂ ಗಾಜು ಜೋಲುತ್ತದೆ, ನಾನು ಮರೆತೆ. ಹಾಗಾಗಿ ನನ್ನ ಹೂದಾನಿ ಎಡಕ್ಕೆ ವಾಲಿತು, ಅದರ ಬಾಯಿಯ ಅಂಚು ಒಂದು ಕಡೆ ತುಟಿ ಊದಿದಂತೆ ದಪ್ಪವಾಯಿತು. ಗೆಳೆಯರು ನಕ್ಕರು, ನಾನೂ ನಕ್ಕೆ. ಕೊನೆಗೆ ತಳಕ್ಕೆ ಇನ್ನೊಂದು ಸಲಾಕೆಯನ್ನು ಅಂಟಿಸಿ, ಬಾಯಿಯನ್ನು ಅಗಲಿಸಿ, ಮೆಲ್ಲಗೆ ತಟ್ಟಿ ಬೇರ್ಪಡಿಸಿ, ದಪ್ಪ ಕೈಗವಸು ತೊಟ್ಟ ಸಹಾಯಕರು ಅದನ್ನು ಪರದೆಯ ಹಿಂದಕ್ಕೆ ಒಯ್ದರು.

ನಮ್ಮನ್ನು ಪಕ್ಕದ ಮಾರಾಟ ಮಳಿಗೆಗೆ ಕಳಿಸಿದರು. ಅಲ್ಲಿ ಕಾಯುತ್ತಿರುವಾಗ ಪರದೆಯ ಹಿಂದಿನಿಂದ ಆಗಾಗ ‘ಟಿಣ್’ ಎಂಬ ಸಣ್ಣ ಶಬ್ದ ಕೇಳುತ್ತಿತ್ತು. ಅದೇನೆಂದು ಗೆಳತಿ ವಿಚಾರಿಸಿದಾಗ, ಕೆಲಸದ ಜಾಗವಲ್ಲವೇ, ಸದ್ದು ಸಹಜ ಎಂದರು. ಇದನ್ನು ನೆನಪಿನಲ್ಲಿಡಿ.

ಮುಕ್ಕಾಲು ಗಂಟೆಯಲ್ಲಿ ನಾಲ್ಕು ಪೆಟ್ಟಿಗೆಗಳು ಬಂದವು. ನನ್ನ ಹೂದಾನಿ ನೆಟ್ಟಗೆ ನಿಂತಿತ್ತು. ವಾಲಿರಲಿಲ್ಲ, ತುಟಿ ಊದಿರಲಿಲ್ಲ. ‘ಇದು ನನ್ನದೇ?’ ಎಂದು ನಾನು ಕೇಳಿದ್ದು ನಿಜ. ‘ನಮ್ಮ ಕುಶಲಕರ್ಮಿ ಕೊನೆಯಲ್ಲಿ ಸ್ವಲ್ಪ ತಿದ್ದಿದ್ದಾರೆ, ಆದರೆ ಉಸಿರು ನಿಮ್ಮದೇ’ ಎಂದು ಪೆಟ್ಟಿಗೆ ಕೊಟ್ಟ ಮಳಿಗೆಯಾಕೆ ನಸುನಕ್ಕರು. ನಾನು ಏನು ಮಾಡಿದೆ ಗೊತ್ತೇ? ಸಂತೋಷಪಟ್ಟೆ. ಉಸಿರು ನಿಮ್ಮದೇ ಎಂಬ ಆ ಎರಡು ಮಾತಿಗೆ ಕರಗಿ ಧನ್ಯವಾದವನ್ನೂ ಹೇಳಿದೆ. ಸಿಟ್ಟು ಬರುವುದು ಅವರ ಸುಳ್ಳಿಗಿಂತ ನನ್ನ ಆ ಧನ್ಯವಾದವನ್ನು ನೆನೆದಾಗ. ನಂತರದ ಒಂದು ವಾರ ಕಂಡಕಂಡವರಿಗೆಲ್ಲ ‘ನಾನೇ ಊದಿದ್ದು’ ಎಂದು ಅದನ್ನು ತೋರಿಸಿದೆ.

ಗುಟ್ಟು ಬಯಲಾದದ್ದು ನಾಲ್ವರೂ ಮತ್ತೆ ಸೇರಿ, ನಾಲ್ಕು ಹೂದಾನಿಗಳನ್ನು ಒಂದೇ ಮೇಜಿನ ಮೇಲೆ ಸಾಲಾಗಿ ಇಟ್ಟಾಗ. ಎತ್ತರ ಒಂದೇ. ದೀಪದ ಬೆಳಕಿಗೆ ಹಿಡಿದು ತಿರುಗಿಸಿದರೆ ಎರಡೂ ಪಕ್ಕಗಳಲ್ಲಿ ಬುಡದಿಂದ ಕತ್ತಿನವರೆಗೆ ಕೂದಲೆಳೆಯಂತಹ ನೇರ ಗೆರೆ, ಅಂದರೆ ಅಚ್ಚಿನ ಎರಡು ಹೋಳುಗಳು ಕೂಡುವ ಗೆರೆ. ನುರಿತವರೂ ಕೆಲವೊಮ್ಮೆ ಅಚ್ಚಿನೊಳಗೆ ಊದುತ್ತಾರೆ, ಗೆರೆಯಿದ್ದ ಮಾತ್ರಕ್ಕೆ ಅಪರಾಧವೇನಲ್ಲ. ಆದರೆ ನಾವು ಊದಿದ್ದು ತೆರೆದ ಗಾಳಿಯಲ್ಲಿ, ಅಚ್ಚನ್ನು ನಾವು ಕಣ್ಣಿನಿಂದಲೂ ಕಂಡಿರಲಿಲ್ಲ. ಸಲಾಕೆ ಅಂಟಿಸಿದ್ದ ತಳದಲ್ಲಿ ಮುರಿದ ಕಲೆಯಾಗಲಿ, ಅದನ್ನು ಉಜ್ಜಿ ತೆಗೆದ ಗುರುತಾಗಲಿ ಇರಬೇಕಿತ್ತು, ಎರಡೂ ಇರಲಿಲ್ಲ. ಇಷ್ಟು ಸಾಲದೆಂಬಂತೆ ನಾಲ್ಕರ ಕತ್ತಿನಲ್ಲೂ ಒಂದೇ ಜಾಗದಲ್ಲಿ ಸಾಸಿವೆಯಷ್ಟು ದೊಡ್ಡ ಗುಬುಟು. ನಾಲ್ವರ ಉಸಿರೂ ಒಂದೇ ಜಾಗದಲ್ಲಿ ಒಂದೇ ಗುಬುಟನ್ನು ಮಾಡಿತೇ? ಯಾರೂ ಮಾತಾಡಲಿಲ್ಲ. ಮೂವರೂ ನನ್ನ ಮುಖ ನೋಡಿದರು.

ಆಮೇಲೆ ತಿಳಿದವರನ್ನು ಕೇಳಿದೆ. ಊದಿದ ಗಾಜನ್ನು ತಕ್ಷಣ ಸುಮಾರು 500 ಡಿಗ್ರಿಯ ತಣಿಸುವ ಒಲೆಯಲ್ಲಿಟ್ಟು, ಶಾಖವನ್ನು ಹಂತಹಂತವಾಗಿ ಇಳಿಸಬೇಕು. ಹೂದಾನಿಯಷ್ಟು ಗಾತ್ರದ ವಸ್ತುವಾದರೆ ರಾತ್ರಿಯೆಲ್ಲ ಬೇಕು, ಗಾಜು ದಪ್ಪವಾದಷ್ಟೂ ಇನ್ನೂ ಹೆಚ್ಚು ಹೊತ್ತು. ಹಾಗಾಗಿ ಪ್ರಾಮಾಣಿಕವಾಗಿ ಈ ಕೆಲಸ ನಡೆಸುವವರು ಮರುದಿನ ಬಂದು ಒಯ್ಯಿರಿ, ಇಲ್ಲವೇ ಅಂಚೆಯಲ್ಲಿ ಕಳಿಸುತ್ತೇವೆ ಎಂದು ಮೊದಲೇ ತಿಳಿಸುತ್ತಾರೆ. ದೀಪದ ಜ್ವಾಲೆಯಲ್ಲಿ ಮಾಡುವ ಸಣ್ಣ ಮಣಿಗಳ ವಿಷಯ ಬೇರೆ, ಅವು ಬೇಗ ತಣಿಯಬಲ್ಲವು. ಹೂದಾನಿ ಮಣಿಯಲ್ಲ.

ಈಗ ಆ ತಾಣದವರ ಉತ್ತರಗಳನ್ನು ಕೇಳಿ. ಮೊದಲ ಸಲ ಕರೆ ಮಾಡಿದಾಗ, ‘ನಮ್ಮಲ್ಲಿ ಶೀಘ್ರವಾಗಿ ತಣಿಸುವ ವಿಶೇಷ ಯಂತ್ರವಿದೆ’ ಎಂದರು. ಅದರ ಹೆಸರೇನೆಂದು ಕೇಳಿದರೆ, ಅದು ವ್ಯಾಪಾರದ ಗುಟ್ಟಂತೆ. ಎರಡನೆಯ ಸಲ ನಾಲ್ಕರ ಚಿತ್ರಗಳನ್ನೂ ಕಳಿಸಿ, ಗೆರೆಯನ್ನೂ ಗುಬುಟನ್ನೂ ಗುರುತು ಹಾಕಿ ಬರೆದೆ. ‘ಕೈಕೆಲಸದ ವಸ್ತುಗಳಲ್ಲಿ ಇಂತಹ ಸಣ್ಣಪುಟ್ಟ ವ್ಯತ್ಯಾಸಗಳು ಸಹಜ’ ಎಂಬ ಉತ್ತರ ಬಂತು. ಸ್ವಾಮಿ, ವ್ಯತ್ಯಾಸವೇ ಇಲ್ಲವೆಂಬುದಲ್ಲವೇ ನನ್ನ ದೂರು! ಮೂರನೆಯ ಸಲ ಹಣ ಹಿಂದಿರುಗಿಸಿ ಎಂದಾಗ ಸ್ವರ ಬದಲಾಯಿತು. ಶುಲ್ಕವು ಅನುಭವಕ್ಕೆ ಮಾತ್ರ, ವಸ್ತುವು ಸಂಸ್ಥೆಯು ಪ್ರೀತಿಯಿಂದ ನೀಡಿದ ನೆನಪಿನ ಕಾಣಿಕೆ, ಅಲ್ಲದೆ ಅಂದು ತೆಗೆದ ಎಲ್ಲ ಚಿತ್ರಗಳಲ್ಲೂ ತಾವು ನಗುತ್ತಿದ್ದೀರಿ ಎಂದು ಬರೆದಿದ್ದರು. ಈ ಕೊನೆಯ ಮಾತನ್ನು ನಾನು ಹತ್ತು ಸಲವಾದರೂ ಓದಿದ್ದೇನೆ. ಜೇಬು ಕತ್ತರಿಸುವವನು ‘ಆಗ ನೀವು ನಗುತ್ತಿದ್ದಿರಲ್ಲ’ ಎಂದರೆ ಹೇಗೋ ಹಾಗೆ.

ಹೋಗುವವರು ಹೋಗಿ, ಬೇಡವೆನ್ನುವುದಿಲ್ಲ. ಆದರೆ ಹಣ ಕೊಡುವ ಮೊದಲು ‘ನನ್ನ ಗಾಜು ಯಾವಾಗ ಸಿಗುತ್ತದೆ?’ ಎಂದೊಂದು ಪ್ರಶ್ನೆ ಕೇಳಿ, ‘ಇಂದೇ’ ಎಂದರೆ ಎದ್ದು ಬನ್ನಿ. ನೀವು ಊದಿದ ವಸ್ತುವಿನ ಚಿತ್ರವನ್ನು ಅದು ಇನ್ನೂ ಕೊಳವೆಯ ತುದಿಯಲ್ಲಿರುವಾಗಲೇ ತೆಗೆದಿಟ್ಟುಕೊಳ್ಳಿ. ನಗುವ ಮುಖಗಳ ಚಿತ್ರ ಬೇಡ, ಅದನ್ನು ಅವರೇ ತೆಗೆಯುತ್ತಾರೆ.

ನಾಲ್ಕನೆಯ ಪತ್ರದಲ್ಲಿ ಒಂದೇ ಪ್ರಶ್ನೆ ಕೇಳಿದ್ದೆ: ಹಾಗಾದರೆ ನಾವು ಊದಿದ ಆ ನಾಲ್ಕು ಎಲ್ಲಿ ಹೋದವು? ಅದಕ್ಕೆ ಉತ್ತರ ಬರಲಿಲ್ಲ. ಉತ್ತರ ಸಿಕ್ಕಿದ್ದು ಆ ತಿಳಿದವರಿಂದಲೇ. ಬಿಸಿ ಗಾಜನ್ನು ಒಲೆಗಿಡದೆ ಕಬ್ಬಿಣದ ತೊಟ್ಟಿಗೆ ಹಾಕಿಬಿಟ್ಟರೆ ಅದು ತಣಿಯುತ್ತ ತಣಿಯುತ್ತ ತಾನಾಗಿಯೇ ಬಿರುಕು ಬಿಡುತ್ತದಂತೆ. ಬಿಡುವಾಗ ‘ಟಿಣ್’ ಎನ್ನುತ್ತದಂತೆ.